ಶಾಲು ಸಾಕು, ಕೂಲಿ ಕೊಡಿ!

ಕನ್ನಡದ ತರುಣರೇ,

ನವೆಂಬರ್ ಬಂತೆಂದರೆ ನಿಮ್ಮ ಬೀದಿಯ ಮೂಲೆಯಲ್ಲೊಂದು ಪೆಂಡಾಲು ಏಳುತ್ತದೆ. ಹಳದಿ ಕೆಂಪು ಬಾವುಟ, ಕಿವಿಗಡಚಿಕ್ಕುವ ಮೈಕು, ವೇದಿಕೆಯ ಹಿಂದೆ ತಾಯಿ ಭುವನೇಶ್ವರಿಯ ಆಳೆತ್ತರದ ಚಿತ್ರ. ಪೆಂಡಾಲಿನವನಿಗೆ ದುಡ್ಡು ಕೊಡುತ್ತೀರಿ. ಮೈಕ್ ಸೆಟ್ಟಿನವನು ಮುಂಗಡ ಕೈಗೆ ಬರದೆ ವೈರು ಎಳೆಯುವುದಿಲ್ಲ. ಆರ್ಕೆಸ್ಟ್ರಾದವರು ಅರ್ಧ ಹಣ ಎಣಿಸಿಕೊಂಡ ಮೇಲೆಯೇ ವ್ಯಾನು ಹತ್ತುತ್ತಾರೆ. ಬಿಸಿಬೇಳೆಬಾತ್ ಮಾಡಿದ ಅಡುಗೆಯವರ ಲೆಕ್ಕವೂ ಅಂದೇ ಚುಕ್ತಾ. ಅವರು ಕೇಳುವುದೂ ನ್ಯಾಯ, ನೀವು ಕೊಡುವುದೂ ನ್ಯಾಯ.

ಆದರೆ ಆ ಭುವನೇಶ್ವರಿಯ ಚಿತ್ರ ಬರೆದವನಿಗೆ?

ಅವನಿಗೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ಒಂದು ಪ್ಲಾಸ್ಟಿಕ್ ಸ್ಮರಣಿಕೆ! "ನಮ್ಮ ಹುಡುಗ, ನಾಡಿನ ಮೇಲಿನ ಅಭಿಮಾನಕ್ಕೆ ಒಂದು ಪೈಸೆ ಮುಟ್ಟದೆ ಬರೆದುಕೊಟ್ಟಿದ್ದಾನೆ" ಎಂದು ಅಧ್ಯಕ್ಷರು ಸಾರುತ್ತಾರೆ. ನೀವು ಚಪ್ಪಾಳೆ ತಟ್ಟುತ್ತೀರಿ. ಆ ಹುಡುಗ ರಾತ್ರಿ ಹನ್ನೊಂದಕ್ಕೆ ಹಣ್ಣಿನ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಕೊನೆಯ ಬಸ್ಸು ಹಿಡಿಯುತ್ತಾನೆ. ತಿಂಗಳ ಮೊದಲ ವಾರ ಬಾಡಿಗೆ ಕೇಳಲು ಬಂದ ಮನೆ ಮಾಲೀಕನಿಗೆ ಅವನು ಏನು ಮಾಡಬೇಕು? ಶಾಲು ಹೊದಿಸಿ ಕೈಮುಗಿಯಬೇಕೇ?

ಇದನ್ನು ಕೇಳುತ್ತಿರುವವನು ಕನ್ನಡದ ವೈರಿಯಲ್ಲ. ನನ್ನ ಟ್ರಂಕಿನಲ್ಲಿ ಅಂಥ ಹನ್ನೊಂದು ಶಾಲುಗಳಿವೆ. ಒಂದೊಂದೂ ನೀವು, ಅಂದರೆ ನಮ್ಮವರೇ, ಪ್ರೀತಿಯಿಂದ ಹೊದಿಸಿದ್ದು. ಆ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆ ಪ್ರೀತಿ ಹೊಟ್ಟೆ ತುಂಬಿಸುವುದಿಲ್ಲ, ಅಷ್ಟೇ.

ಹೆಮ್ಮಿಗೆಯ ದೊಡ್ಡಪ್ಪ

ನನ್ನೂರು ಹೆಮ್ಮಿಗೆ. ತಿರುಮಕೂಡಲು ನರಸೀಪುರ ತಾಲ್ಲೂಕು, ತಲಕಾಡಿನ ನೆರೆ, ಕಾವೇರಿಯ ಸೀಮೆ. ನನ್ನ ದೊಡ್ಡಪ್ಪ ಬೋರ್ಡು ಬರೆಯುತ್ತಿದ್ದರು. ನ್ಯಾಯಬೆಲೆ ಅಂಗಡಿಯ ಬೋರ್ಡು, ಹಾಲಿನ ಸಂಘದ ಬೋರ್ಡು, ಟ್ರಾಕ್ಟರ್ ಟ್ರೇಲರಿನ ನಂಬರು, ಶಾಲೆಯ ಗೋಡೆಯ ಸುಭಾಷಿತ ಎಲ್ಲವೂ ಅವರದೇ ಕೈ. ಸುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟಿದರೆ ಅರಮನೆಯ ಪರದೆ, ಕಾಡಿನ ಪರದೆ, ದರ್ಬಾರಿನ ಪರದೆಗೂ ಅವರನ್ನೇ ಕರೆಯುತ್ತಿದ್ದರು. ಕೊಡುವವರು ದುಡ್ಡು ಕೊಡುತ್ತಿದ್ದರು. ಇಲ್ಲದವರು ಸುಗ್ಗಿಯಲ್ಲಿ ಭತ್ತ ಅಳೆಯುತ್ತಿದ್ದರು. ಬರಿಗೈಯಲ್ಲಿ ಕಳಿಸಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ಬಡವರ ಊರು ಕಲೆಗೆ ಬೆಲೆ ಕೊಡುತ್ತಿತ್ತು ಎಂಬುದನ್ನು ಶ್ರೀಮಂತ ನಗರದ ನೀವು ಗಮನಿಸಬೇಕು.

ಕನ್ನಡ ಅಕ್ಷರ ಬರೆಯುವುದು ಹೇಗೆಂದು ನಾನು ಕಲಿತದ್ದು ಅವರಿಂದ. ಮೊದಲು ದಾರಕ್ಕೆ ಸೀಮೆಸುಣ್ಣ ಸವರಿ ಹಲಗೆಯ ಮೇಲೆ ಗೆರೆ ಹೊಡೆಯಬೇಕು. ಗೆರೆಯ ಮೇಲೆ ಗುಡಿಸಿಗೆ, ಏತ್ವಕ್ಕೆ ಜಾಗ ಬಿಡಬೇಕು. ಗೆರೆಯ ಕೆಳಗೆ ಒತ್ತಕ್ಷರಕ್ಕೆ ಜಾಗ ಬಿಡಬೇಕು. "ಒತ್ತಿಗೆ ಜಾಗ ಬುಡ್ದೆ ಬರದ್ರೆ ಅಕ್ಸರ ಉಸ್ರು ಕಟ್ಟಿ ಸಾಯ್ತದೆ ಕಣಪ್ಪ" ಎನ್ನುತ್ತಿದ್ದರು. ಇಂಗ್ಲಿಷಿನ ದೊಡ್ಡಕ್ಷರ ನಾಲ್ಕು ಗೋಡೆಯ ಕೋಣೆ ಇದ್ದಂತೆ, ಎಲ್ಲಿ ಬೇಕಾದರೂ ಕೂರಿಸಬಹುದು. ಕನ್ನಡದ ಅಕ್ಷರ ಬಳ್ಳಿ ಇದ್ದಂತೆ, ಮೇಲೂ ಹಬ್ಬುತ್ತದೆ, ಕೆಳಗೂ ಇಳಿಯುತ್ತದೆ. ಅದಕ್ಕೆ ಚಪ್ಪರ ಹಾಕುವುದು ಗೊತ್ತಿದ್ದವನೇ ಬೋರ್ಡು ಬರೆಯಬೇಕು.

ಆಮೇಲೆ ಫ್ಲೆಕ್ಸ್ ಬಂತು. ಒಂದು ರಾತ್ರಿಯಲ್ಲಿ ಮುದ್ರಣ, ಬೆಳಗ್ಗೆ ಬೋರ್ಡು, ಅರ್ಧಕ್ಕರ್ಧ ಬೆಲೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ರಾಜ್‌ಕುಮಾರ್ ಅವರ ಮುಗಿಲೆತ್ತರದ ಕಟೌಟು ಬರೆದ ಕೈಗಳೂ ಹಾಗೆಯೇ ಖಾಲಿಯಾದವು. ದೊಡ್ಡಪ್ಪ ಬ್ರಷ್ಷುಗಳನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ಅದ್ದಿಟ್ಟು ಅಟ್ಟಕ್ಕೇರಿಸಿದರು. ಅಕ್ಷರ ಬರೆದ ಕೈ ಹಾಲಿನ ಕ್ಯಾನು ಹೊರಲು ಹೋಯಿತು. ಕನ್ನಡಕ್ಕಾಗಿ ಹೋರಾಡುವ ನಾವು ಆಗ ಒಂದು ಮಾತನ್ನೂ ಆಡಲಿಲ್ಲ.

ಕಲಿಸುವ ಏರ್ಪಾಡಿದೆ, ಉಣ್ಣುವ ಏರ್ಪಾಡಿಲ್ಲ

ಮೈಸೂರು ಸೀಮೆಯಲ್ಲಿ ಚಿತ್ರ ಕಲಿಸುವವರಿಗೆ ಬರವಿಲ್ಲ. ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲೇ ಅಡಿಗಲ್ಲು ಬಿತ್ತು. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಂದರೆ ನೀವೆಲ್ಲ 'ಕಾವಾ' ಎನ್ನುವ ಕಾಲೇಜು, 1980ರ ದಶಕದ ಆರಂಭದಲ್ಲಿ ಬಂತು. ಅದರ ರೂಪುರೇಷೆಯ ಹಿಂದೆ ಸ್ವೆತೊಸ್ಲಾವ್ ರೋರಿಕ್ ಅವರ ಸಲಹೆಯಿತ್ತು. ಬೆಂಗಳೂರಿನಲ್ಲಿ 1919ರಲ್ಲಿ ಅ.ನ. ಸುಬ್ಬರಾಯರು ಕಲಾಮಂದಿರ ಕಟ್ಟಿದರು. 1960ರಲ್ಲಿ ಚಿತ್ರಕಲಾ ಪರಿಷತ್ತು ಹುಟ್ಟಿತು. ಅದೇ ದಶಕದಲ್ಲಿ ಆರ್.ಎಂ. ಹಡಪದ್ ಅವರು 'ಕೆನ್' ಕಲಾಶಾಲೆ ತೆರೆದು ಬಡ ಹುಡುಗರ ಕೈಗೆ ಕುಂಚ ಕೊಟ್ಟರು.

ಇಷ್ಟೆಲ್ಲ ಕಲಿತು ಹೊರಬಂದ ಹುಡುಗ ನಾಳೆ ಬೆಳಗ್ಗೆ ಏನು ತಿನ್ನಬೇಕು? ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ.

ಗ್ಯಾಲರಿಗೆ ಹೋಗು ಎನ್ನುತ್ತೀರಿ. ಬಾಡಿಗೆ ಗ್ಯಾಲರಿಯಾದರೆ ದಿನದ ಬಾಡಿಗೆ ನಾನೇ ಕಟ್ಟಬೇಕು, ಚೌಕಟ್ಟು ನನ್ನದು, ಸಾಗಣೆ ನನ್ನದು, ಆಹ್ವಾನ ಪತ್ರಿಕೆಯೂ ನನ್ನದೇ. ಖಾಸಗಿ ಗ್ಯಾಲರಿಯಾದರೆ ಮಾರಾಟವಾದ ಚಿತ್ರದ ಬೆಲೆಯಲ್ಲಿ ಮೂರನೇ ಒಂದು ಭಾಗ, ಕೆಲವೆಡೆ ಅರ್ಧ, ಅವರ ಪಾಲು. ಅದನ್ನಾದರೂ ಒಪ್ಪೋಣ, ವ್ಯಾಪಾರ ವ್ಯಾಪಾರವೇ. ಆದರೆ ಬಾಗಿಲು ತಟ್ಟಿದಾಗ ಮೊದಲು ಕೇಳುವುದೇನು? ಚಿತ್ರವನ್ನಲ್ಲ, ಚಿತ್ರದ ಬಗ್ಗೆ ಒಂದು ಪುಟ ಇಂಗ್ಲಿಷು! ಕಾವೇರಿಯ ಮರಳಿನ ಬಣ್ಣ ನನ್ನ ಕೈಗೆ ಗೊತ್ತು. ಅದನ್ನು ಇಂಗ್ಲಿಷಿನಲ್ಲಿ ಅಲಂಕಾರ ಮಾಡಿ ಹೇಳಲು ಬಾರದಿದ್ದರೆ ನಾನು ಕಲಾವಿದನೇ ಅಲ್ಲವೇ? ನಮ್ಮದೇ ರಾಜಧಾನಿಯಲ್ಲಿ ಕನ್ನಡದ ಕೈಗೆ ಪರಭಾಷೆಯ ರುಜು ಬೇಕೇ?

ಚಿತ್ರಸಂತೆಗೆ ಹೋಗು ಎನ್ನುತ್ತೀರಿ. ಹೋಗುತ್ತೇನೆ. ವರ್ಷಕ್ಕೊಮ್ಮೆ ಜನವರಿಯಲ್ಲಿ ಕುಮಾರಕೃಪಾ ರಸ್ತೆ ತುಂಬ ಚಿತ್ರ. 2025ರಲ್ಲಿ 22ನೆಯ ಸಂತೆ ನಡೆಯಿತು. ಜನರ ಕಾಲ ಬಳಿಗೆ ಕಲೆಯನ್ನು ತಂದ ಆ ಸಂತೆಗೆ ನನ್ನ ನಮಸ್ಕಾರ. ಆದರೆ ಸಂತೆ ಒಂದೇ ದಿನ. ವರ್ಷದಲ್ಲಿ ಉಳಿದ 364 ದಿನ ಇವೆಯಲ್ಲ?

ಆ 364 ದಿನ ನಾನು ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕ್ರೇಯಾನ್ ಹಿಡಿಸುತ್ತೇನೆ. ಮದುವೆ ಮಂಟಪಕ್ಕೆ ಥರ್ಮೋಕೋಲ್ ಕೊರೆಯುತ್ತೇನೆ. ಒಮ್ಮೆ ಒಂದು ದೊಡ್ಡ ಕಂಪನಿಯ ಗೋಡೆಗೆ ಇಪ್ಪತ್ತಮೂರು ದಿನ ಚಿತ್ರ ಬರೆದೆ. ಮೂಲೆಯಲ್ಲಿ ಹೆಸರು ಬರೆಯಹೋದರೆ "ಅದು ಬೇಡ, ಗೋಡೆ ಗಲೀಜಾಗುತ್ತೆ" ಎಂದರು. ಒಪ್ಪಿದ ಹಣದಲ್ಲಿ ಅರ್ಧ ಏಳು ತಿಂಗಳ ಮೇಲೆ ಬಂತು. ಉಳಿದರ್ಧಕ್ಕೆ "ನಿಮಗೂ ಪ್ರಚಾರ ಸಿಕ್ಕಿತಲ್ಲ" ಎಂಬ ಉತ್ತರ ಬಂತು. ಪ್ರಚಾರವನ್ನು ಯಾವ ಅಂಗಡಿಯಲ್ಲಿ ಕೊಟ್ಟರೆ ಅಕ್ಕಿ ಕೊಡುತ್ತಾರೆ? ನಿಮಗೆ ಗೊತ್ತಿದ್ದರೆ ಹೇಳಿ.

ನೂರಕ್ಕೆ ಅರವತ್ತು, ಕೈಗೆ ಸೊನ್ನೆ

ಈಗ ನಮ್ಮದೇ ಹೋರಾಟದ ವಿಷಯಕ್ಕೆ ಬರೋಣ.

2023ರ ಡಿಸೆಂಬರ್ 27ರಂದು ಕನ್ನಡ ಕಾರ್ಯಕರ್ತರು ನಾಮಫಲಕಕ್ಕಾಗಿ ಬೆಂಗಳೂರಿನ ಬೀದಿಗಿಳಿದರು, ಜೈಲಿಗೂ ಹೋದರು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಗಡಿ ಮುಂಗಟ್ಟುಗಳ ಬೋರ್ಡಿನಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಇರಲೇಬೇಕು ಎಂದಾಯಿತು. ಗೆದ್ದೆವು, ಸಂತೋಷ. ಬೋರ್ಡುಗಳೂ ಬದಲಾದವು.

ಆ ಬೋರ್ಡುಗಳನ್ನು ಒಮ್ಮೆ ಕಣ್ಣು ಬಿಟ್ಟು ನೋಡಿ. 'ಶ' ಇರಬೇಕಾದಲ್ಲಿ 'ಷ'. ದೀರ್ಘ ಇರಬೇಕಾದಲ್ಲಿ ಬೋಳು. ಒತ್ತಕ್ಷರದ ಕಾಲು ತಗಡಿನ ಅಂಚಿಗೆ ಸಿಕ್ಕಿ ಕತ್ತರಿಸಿ ಹೋಗಿದೆ. ಇಂಗ್ಲಿಷಿನಲ್ಲಿ ಅಂದವಾದ ಅಕ್ಷರ, ಕನ್ನಡದಲ್ಲಿ ಕಂಪ್ಯೂಟರು ಉಗುಳಿದ ಮೊದಲ ಅಕ್ಷರ. ಅಳತೆ ಪಟ್ಟಿ ಹಿಡಿದರೆ ಅರವತ್ತು ಭಾಗ ಸರಿಯಾಗಿದೆ. ಅಕ್ಷರಕ್ಕೆ ಮಾತ್ರ ಉಸಿರಿಲ್ಲ! ನಾವು ಕನ್ನಡದ ಜಾಗ ಕೇಳಿದೆವು, ಕನ್ನಡದ ಕೈ ಕೇಳಲು ಮರೆತೆವು. ಸಾವಿರಾರು ಬೋರ್ಡು ಬದಲಾದ ಆ ತಿಂಗಳುಗಳಲ್ಲಿ ಎಷ್ಟು ಮಂದಿ ಬೋರ್ಡು ಬರೆಯುವವರಿಗೆ ಕೆಲಸ ಸಿಕ್ಕಿತು ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಿದೆವೇ?

ಅವಕಾಶ ಇರಲಿಲ್ಲವೆನ್ನಬೇಡಿ. 2009ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಊರಿನ ಗೋಡೆಗಳಿಗೆ ಚಿತ್ರ ಬರೆಸಿತು. ಬರೆದವರು ಯಾರು? ಫ್ಲೆಕ್ಸಿನಿಂದ ಕೆಲಸ ಕಳೆದುಕೊಂಡಿದ್ದ ಇದೇ ಬೋರ್ಡು ಕಲಾವಿದರು, ಸಿನಿಮಾ ಬ್ಯಾನರು ಕಲಾವಿದರು. ಮೈಸೂರು ಅರಮನೆ, ಹಂಪಿಯ ಕಲ್ಲಿನ ರಥ, ಜೋಗ, ಹುಲಿ, ನವಿಲು ಎಲ್ಲ ಗೋಡೆಗಿಳಿದವು. ದೊಡ್ಡ ಗ್ಯಾಲರಿಯ ಕೆಲವರು ಮೂಗು ಮುರಿದರು. ಆದರೆ ಆ ಗೋಡೆಗಳು ಎಷ್ಟೋ ಮನೆಯ ಒಲೆ ಹೊತ್ತಿಸಿದವು. ಮುಂದೆ ಆ ಉತ್ಸಾಹ ಆರಿತು, ಗೋಡೆಯ ಬಣ್ಣವೂ ಮಾಸಿತು.

2016ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇತ್ತು. 2018ರ ಆಗಸ್ಟಿನಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸುಗಳು ಕೆಳಗಿಳಿದವು. ಬಟ್ಟೆಯ ಮೇಲೆ, ತಗಡಿನ ಮೇಲೆ ಬರೆಯುವ ಕೈಗಳನ್ನು ಮತ್ತೆ ಕರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಯಾರು ಕರೆದರು? ಸ್ವಲ್ಪ ದಿನ ಕಳೆದು ಹುಟ್ಟುಹಬ್ಬದ ಶುಭಾಶಯ ಕೋರುವ ಫ್ಲೆಕ್ಸುಗಳು ಮತ್ತೆ ಕಂಬಕ್ಕೇರಿದವು. ಎದೆ ಮುಟ್ಟಿಕೊಂಡು ಹೇಳಿ, ಅವುಗಳಲ್ಲಿ ನಮ್ಮ ನಾಯಕರ ಫ್ಲೆಕ್ಸು ಇರಲಿಲ್ಲವೇ?

ಈಗ ಫ್ಲೆಕ್ಸಿಗೂ ಒಬ್ಬ ಅಣ್ಣ ಬಂದಿದ್ದಾನೆ. ಕೃತಕ ಬುದ್ಧಿಯ ಯಂತ್ರಕ್ಕೆ ಒಂದು ಸಾಲು ಬರೆದರೆ ಕ್ಷಣದಲ್ಲಿ ಚಿತ್ರ. ರಾಜ್ಯೋತ್ಸವದ ಪೋಸ್ಟರುಗಳಲ್ಲಿ ನೋಡಿ, ತಾಯಿಯ ಕೈಗೆ ಆರು ಬೆರಳು, ಕೆಳಗೆ ಯಾವ ಲಿಪಿಯೂ ಅಲ್ಲದ ಗೋಜಲು ಅಕ್ಷರ. ಕನ್ನಡ ತಾಯಿಯ ಹಬ್ಬಕ್ಕೆ ಕನ್ನಡ ಬಾರದ ಯಂತ್ರದಿಂದ ಚಿತ್ರ! ಇದಕ್ಕಿಂತ ನಗೆಪಾಟಲು ಬೇರೆ ಬೇಕೇ? ಮುಂದೆ ಆ ಯಂತ್ರ ಐದೇ ಬೆರಳು ಬರೆಯುವುದನ್ನು ಕಲಿಯಬಹುದು, ಕಾಗುಣಿತವನ್ನೂ ಕಲಿಯಬಹುದು. ಆಗಲೂ ನನ್ನ ಪ್ರಶ್ನೆ ಹಾಗೇ ಉಳಿಯುತ್ತದೆ. ಕನ್ನಡದ ಹಬ್ಬದ ದುಡ್ಡು ಕನ್ನಡದ ಮನೆಗೆ ಹೋಗಬೇಡವೇ?

ಶತ್ರು ಯಾರು?

ಇಲ್ಲಿ ಒಂದು ಎಚ್ಚರ. ಫ್ಲೆಕ್ಸ್ ಯಂತ್ರದ ಮುಂದೆ ಕೂತ ಹುಡುಗ ಬಿಹಾರದವನಿರಬಹುದು, ರಾಜಸ್ಥಾನದವನಿರಬಹುದು. ಅವನ ಮೇಲೆ ಕೈ ಎತ್ತಬೇಡಿ. ಅವನೂ ಊರು ಬಿಟ್ಟು ಹೊಟ್ಟೆ ಹೊರೆಯಲು ಬಂದವನು, ನನ್ನ ಹಾಗೆಯೇ. ನಮ್ಮವರೂ ಹಾಗೆ ಹೋಗಿದ್ದಾರೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕುಂಚ ಹಿಡಿದು ಬಾಳಲು ಮುಂಬಯಿಗೆ ಹೋಗಬೇಕಾಯಿತು.

ನಮ್ಮ ಜಗಳ ಕೊಡಬೇಕಾದ್ದನ್ನು ಕೊಡದವರ ಜೊತೆ. ಅದು ಇವತ್ತಿನದಲ್ಲ. ಕೆ. ವೆಂಕಟಪ್ಪನವರನ್ನು ನೆನೆಯಿರಿ. 1886ರಲ್ಲಿ ಹುಟ್ಟಿದವರು, ಮೈಸೂರು ಅರಮನೆಗೆ ಚಿತ್ರ ಬರೆದ ಮನೆತನ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. ಅಂಥ ಕಲಾವಿದರು ತಮ್ಮ ಕೆಲಸದ ಬಾಕಿಗಾಗಿ ಅರಮನೆಯ ಮೇಲೆಯೇ ಕೋರ್ಟಿಗೆ ಹೋಗಬೇಕಾಯಿತು. 1965ರಲ್ಲಿ ಅವರು ತೀರಿಕೊಂಡರು. ಆಮೇಲೆ ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ ಅವರ ಹೆಸರಿನ ಗ್ಯಾಲರಿ ಎದ್ದಿತು. ಬದುಕಿದ್ದಾಗ ಬಾಕಿ, ಸತ್ತ ಮೇಲೆ ಬೋರ್ಡು! ಆ ಗ್ಯಾಲರಿಯನ್ನೂ ಪ್ರವಾಸೋದ್ಯಮದ ಹೆಸರಿನಲ್ಲಿ ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡಲು ಸರ್ಕಾರ ಹೊರಟಾಗ 2016ರಲ್ಲಿ ಕಲಾವಿದರು ಅದರ ಅಂಗಳದಲ್ಲೇ ಕೂತು ಪ್ರತಿಭಟಿಸಿ ಉಳಿಸಿಕೊಂಡರು. ಕಲಾವಿದರು ಹಟ ಹಿಡಿದರೆ ಗೆಲ್ಲುತ್ತಾರೆ ಎಂಬುದಕ್ಕೆ ಅದೇ ಸಾಕ್ಷಿ.

"ಕಾಸು ಕೇಳಿದರೆ ಕಲೆ ಹೊಲಸಾಗುತ್ತದೆ" ಎಂದು ಉಪದೇಶ ಮಾಡುವ ಹಿರಿಯರಿದ್ದಾರೆ. ಅವರಿಗೆ ತಿಂಗಳ ಸಂಬಳವಿರುತ್ತದೆ. ನನ್ನ ದೊಡ್ಡಪ್ಪನ ಮಾತು ಬೇರೆ. "ಕಾಸು ಕೇಳ್ನಿಲ್ಲ ಅಂದ್ರೆ ಕಲೆಗಾರ ಅಂತಾರೆ. ಕೇಳುದ್ರೆ ಯಾಪಾರಸ್ತ ಅಂತಾರೆ. ಹಸ್ಗಂಡ್ ಸತ್ರೆ ದೊಡ್ ಕಲೆಗಾರ ಅಂತಾರೆ."

ಮಲ್ಲಿತಮ್ಮ ಬರೆದ ಹೆಸರು

ನಮ್ಮ ನರಸೀಪುರ ತಾಲ್ಲೂಕಿನಲ್ಲೇ ಸೋಮನಾಥಪುರವಿದೆ. ಹೊಯ್ಸಳರ ಕಾಲದ, 13ನೆಯ ಶತಮಾನದ ಕೇಶವ ದೇವಾಲಯ. ಬೇಲೂರು, ಹಳೇಬೀಡುಗಳ ಜೊತೆಗೆ ಅದು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನೀವೂ ಹೋಗಿದ್ದೀರಿ, ಸೆಲ್ಫಿ ತೆಗೆದುಕೊಂಡಿದ್ದೀರಿ. ಇನ್ನೊಮ್ಮೆ ಹೋದಾಗ ಬಗ್ಗಿ ವಿಗ್ರಹಗಳ ಪೀಠ ನೋಡಿ. ಕೆತ್ತಿದವರು ತಮ್ಮ ಹೆಸರು ಬರೆದುಕೊಂಡಿದ್ದಾರೆ. ಮಲ್ಲಿತಮ್ಮನ ಹೆಸರು ಹತ್ತಾರು ಕಡೆ ಇದೆ. ಯಾವ ಲಿಪಿ? ಕನ್ನಡ!

ದೇವರ ಪೀಠದಲ್ಲಿ ಕಲ್ಲುಕುಟಿಗನ ಹೆಸರು ಇದ್ದರೆ ದೇವರು ಗಲೀಜಾಗಲಿಲ್ಲ. ದಂಡನಾಯಕನ ಗೌರವಕ್ಕೆ ಕುಂದು ಬರಲಿಲ್ಲ. ಏಳು ಶತಮಾನ ಕಳೆದ ಮೇಲೆ ಒಂದು ಕಂಪನಿಯ ಗೋಡೆ ನನ್ನ ಹೆಸರಿನಿಂದ ಗಲೀಜಾಗುತ್ತದಂತೆ!

ಕಾನೂನೂ ನಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮಿನ ಪ್ರಕಾರ, ಕೃತಿಯ ಹಕ್ಕು ಮಾರಿದ ಮೇಲೂ 'ಇದು ನಾನು ಮಾಡಿದ್ದು' ಎನ್ನುವ ಹಕ್ಕು ಕಲಾವಿದನಿಗೆ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ತಮ್ಮ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತು ಹಾಳುಗೆಡವಿದಾಗ ಶಿಲ್ಪಿ ಅಮರನಾಥ ಸೆಹಗಲ್ ಸುಮ್ಮನೆ ಕೂರಲಿಲ್ಲ. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ತುಣುಕುಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಆದರೆ ಕಲಾವಿದ ಗೆಳೆಯರೇ, ಅದೇ ಕಾಯ್ದೆಯ 17ನೆಯ ಕಲಮನ್ನೂ ಓದಿಕೊಳ್ಳಿ. ಯಾರೋ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರ ಪಾಲಾಗುತ್ತದೆ. ಬಾಯಿಮಾತನ್ನು ನಂಬಿ ಕುಂಚ ಎತ್ತಬೇಡಿ. ಮೊದಲು ಕಾಗದ, ಆಮೇಲೆ ಬಣ್ಣ.

ಮಾಡಬೇಕಾದ್ದೇನು?

ಗೋಳಾಡಿದ್ದು ಸಾಕು. ಮೈಸೂರಿನವರೇ ಆದ ಎಸ್.ಜಿ. ವಾಸುದೇವ್ ಸೇರಿದಂತೆ ಕೆಲವು ತರುಣ ಕಲಾವಿದರು 1966ರಲ್ಲಿ ಮದ್ರಾಸಿನ ಹೊರಗೆ, ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ, ಚೋಳಮಂಡಲ ಕಲಾಗ್ರಾಮ ಕಟ್ಟಿದರು. ಸರ್ಕಾರದ ಕೃಪೆಗೆ ಕಾಯಲಿಲ್ಲ. ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿ, ಬಂದ ದುಡ್ಡಿನಿಂದ ನೆಲ ಕೊಂಡು ನೆಲೆ ನಿಂತರು. ಹೊಟ್ಟೆಪಾಡಿನ ಕೆಲಸ ಕಲೆಯನ್ನು ಕೊಲ್ಲುತ್ತದೆ ಎನ್ನುವವರಿಗೆ ಅವರೇ ಉತ್ತರ. ಹಾಲಿಗೆ ಸಂಘ ಕಟ್ಟಲು ಬರುವ ಮೈಸೂರು ಸೀಮೆಯವರಿಗೆ ಬಣ್ಣಕ್ಕೊಂದು ಸಂಘ ಕಟ್ಟಲು ಬಾರದೇ?

ಆದ್ದರಿಂದ ತರುಣರೇ, ಈ ಐದು ಮಾತು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇಡಿ.

1. ರಾಜ್ಯೋತ್ಸವದ ಖರ್ಚಿನ ಪಟ್ಟಿ ಬರೆಯುವಾಗ ಶಾಲಿನ ಸಾಲಿಗೆ ಮೊದಲು ಕಲಾವಿದನ ಕೂಲಿಯ ಸಾಲು ಬರೆಯಿರಿ. ಅರ್ಧ ಮುಂಗಡ, ಉಳಿದದ್ದು ಚಿತ್ರ ಕೈಗೆ ಬಂದ ದಿನ. ಕೊಡಲಾಗದಿದ್ದರೆ ಚಿಕ್ಕ ಚಿತ್ರ ಬರೆಸಿ, ಪುಕ್ಕಟೆ ಬರೆಸಬೇಡಿ.

2. ನಿಮ್ಮ ಬೀದಿಯಲ್ಲಿ ಹೊಸ ಅಂಗಡಿ ತೆರೆದರೆ ಅರವತ್ತು ಭಾಗ ಕನ್ನಡ ಕೇಳುವುದಷ್ಟೇ ಅಲ್ಲ, ಕನ್ನಡ ಅಕ್ಷರ ಬಲ್ಲ ಕಲಾವಿದನ ಫೋನ್ ನಂಬರನ್ನೂ ಅಂಗಡಿಯವನ ಕೈಗಿಡಿ. ಬೋರ್ಡು ತಗಡಿನದಾಗಲಿ, ಎಲ್‌ಇಡಿ ದೀಪದ್ದಾಗಲಿ, ಅಕ್ಷರದ ರೂಪ ಬರೆದುಕೊಡುವುದು ಬಲ್ಲ ಕೈಯಾಗಲಿ.

3. ಚಿತ್ರ ಎಲ್ಲೇ ಇರಲಿ, ಮೂಲೆಯಲ್ಲಿ ಬರೆದವನ ಹೆಸರು ಕನ್ನಡದಲ್ಲಿ ಇರಬೇಕು. ಹೆಸರಿಲ್ಲದ ಚಿತ್ರದ ಮುಂದೆ ದೀಪ ಹಚ್ಚುವುದಿಲ್ಲ ಎನ್ನಿ.

4. ಫ್ರಾನ್ಸಿನಲ್ಲಿ 1951ರಿಂದ ಸರ್ಕಾರಿ ಶಾಲೆ ಕಟ್ಟಿದರೆ ವೆಚ್ಚದ ನೂರರಲ್ಲಿ ಒಂದು ಪಾಲನ್ನು ಕಲೆಗೆ ತೆಗೆದಿಡುವ ಪದ್ಧತಿ ಶುರುವಾಯಿತು. ನಮ್ಮ ಮೆಟ್ರೊ ಕಂಬ, ಸರ್ಕಾರಿ ಕಚೇರಿ, ಆಸ್ಪತ್ರೆ, ಶಾಲೆಯ ಗೋಡೆಗಳಿಗೂ ಅಂಥ ನಿಯಮ ಬೇಕು. ಅರ್ಜಿ ಕನ್ನಡದಲ್ಲಿರಬೇಕು, ಆಯ್ಕೆ ಬಹಿರಂಗವಾಗಿ ನಡೆಯಬೇಕು, ಜಿಲ್ಲೆಗಳ ಕಲಾವಿದರಿಗೂ ಪಾಲು ಸಿಗಬೇಕು.

5. ಕಲಾವಿದರೇ, ಇದು ನಿಮಗೆ. ಒಟ್ಟಾಗಿ ಕೂತು ದರಪಟ್ಟಿ ಮಾಡಿ. ಚದರಡಿಗೆ ಇಷ್ಟು, ಅಕ್ಷರಕ್ಕೆ ಇಷ್ಟು ಎಂದು ಗೋಡೆಗೆ ಅಂಟಿಸಿ. ನಾನು ಪುಕ್ಕಟೆ ಬರೆದರೆ ನನ್ನ ಪಕ್ಕದವನ ಅನ್ನ ಕಿತ್ತುಕೊಂಡಂತೆ. ಹನ್ನೊಂದು ಸಲ ಆ ತಪ್ಪು ಮಾಡಿದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನುಡಿ ಉಳಿಯುವುದು ಅದನ್ನು ಆಡುವ ಬಾಯಿಗೆ ಅನ್ನ ಸಿಕ್ಕಾಗ. ಲಿಪಿ ಉಳಿಯುವುದು ಅದನ್ನು ಬರೆಯುವ ಕೈಗೆ ಕೂಲಿ ಸಿಕ್ಕಾಗ. ಇದನ್ನು ಬಿಟ್ಟು ನಾವು ಮಾಡುವುದೆಲ್ಲ ಬರೀ ಮೆರವಣಿಗೆ.

ಮುಂದಿನ ನವೆಂಬರಿನಲ್ಲಿ ನನ್ನನ್ನು ಕರೆಯಿರಿ. ಖಂಡಿತ ಬರುತ್ತೇನೆ. ದೊಡ್ಡಪ್ಪನ ಬ್ರಷ್ಷು ಅಟ್ಟದಿಂದ ಇಳಿಸಿ ತರುತ್ತೇನೆ. ಹಾಗೆಯೇ ಟ್ರಂಕಿನಲ್ಲಿರುವ ಹನ್ನೊಂದು ಶಾಲುಗಳನ್ನೂ ತರುತ್ತೇನೆ. ಚಳಿಯಲ್ಲಿ ಫುಟ್‌ಪಾತಿನ ಮೇಲೆ ಮಲಗುವವರಿಗೆ ಅವನ್ನು ಹೊದಿಸಿ. ನನಗೆ ನನ್ನ ಕೂಲಿ ಕೊಡಿ.

ಸಿರಿಗನ್ನಡಂ ಗೆಲ್ಗೆ! ಅದನ್ನು ಬರೆದ ಕೈಯೂ ಗೆಲ್ಲಲಿ!